ಮೊದಲು ಕಟ್ಟೆ, ಆಮೇಲೆ ಕೊಳ: ಬಿಸಿಲ ನಾಡಿನ ಹಿತ್ತಲಿಗೊಂದು ಸಮಗ್ರ ಮಾರ್ಗದರ್ಶಿ

ಕೊಪ್ಪಳದಲ್ಲಿ ಏಪ್ರಿಲ್ ತಿಂಗಳ ಸಂಜೆ ಆರೂವರೆಯಾದರೂ ಗೋಡೆಗಳು ಹಗಲೆಲ್ಲ ಕುಡಿದ ಕಾವನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಮನೆಯೊಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ. ಆ ಹೊತ್ತಿನಲ್ಲಿ ನಮ್ಮ ಹಿತ್ತಲಿನ ಕೊಳದ ಮೂಡಣ ಬದಿಯ ಕಲ್ಲುಕಟ್ಟೆಗೆ ಎರಡು ತಂಬಿಗೆ ನೀರು ಚಿಮುಕಿಸಿ, ಅದು ಆರಿದ ಮೇಲೆ ಹೋಗಿ ಕುಳಿತರೆ, ಪಡುವಣದಿಂದ ಬೀಸುವ ಗಾಳಿ ನೀರಿನ ಮೇಲೆ ಹಾದು ಬರುವಷ್ಟರಲ್ಲಿ ತನ್ನ ಉರಿಯನ್ನು ಅಷ್ಟಿಷ್ಟು ಕಳೆದುಕೊಂಡಿರುತ್ತದೆ. ನೈದಿಲೆಯ ಎಲೆಗಳ ಅಂಚು ಮೆಲ್ಲನೆ ಏಳುತ್ತದೆ, ಬೀಳುತ್ತದೆ. ಹತ್ತು ನಿಮಿಷದಲ್ಲಿ ಹೆಗಲು ತಾನಾಗಿ ಸಡಿಲಗೊಳ್ಳುತ್ತದೆ. ಈ ಹತ್ತು ನಿಮಿಷಕ್ಕಾಗಿಯೇ ಒಂದು ಕೊಳವನ್ನು ಕಟ್ಟಿಕೊಳ್ಳಬಹುದೆಂದು ನಾನು ನಂಬುತ್ತೇನೆ. ಮುಂದೆ ಬರೆದಿರುವುದೆಲ್ಲವೂ ಆ ನಂಬಿಕೆಯಿಂದಲೇ ಹುಟ್ಟಿದ್ದು.

ಕೊಳವೆಂದರೆ ಅಂದಕ್ಕಾಗಿ ತೋಡಿಸುವ ಗುಂಡಿಯೆಂದು ತಿಳಿದವರು ಅದನ್ನು ಗೇಟಿನ ಬಳಿ, ಬಂದವರಿಗೆ ಕಾಣುವಂತೆ ಮಾಡಿಸುತ್ತಾರೆ. ಒಂದು ವರ್ಷದೊಳಗೆ ಅದು ಹಸಿರುಗಟ್ಟಿ, ಸೊಳ್ಳೆ ಹುಟ್ಟುವ ಹೊಂಡವಾಗುತ್ತದೆ, ಏಕೆಂದರೆ ಅದರ ಬಳಿ ದಿನವೂ ಕೂಡುವವರು ಯಾರೂ ಇರುವುದಿಲ್ಲ. ದಿನವೂ ಯಾರಾದರೂ ಕೂಡುವ ಕೊಳ ಕೆಡುವುದು ಕಡಿಮೆ. ನೀರು ಇಳಿದದ್ದು, ಎಲೆ ಕೊಳೆತದ್ದು, ಮೀನು ಮೇಲೆ ಬಂದು ಬಾಯಿ ಬಿಡುತ್ತಿರುವುದು ಎಲ್ಲವೂ ಆ ದಿನವೇ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಈ ಕೆಲಸ ಗುದ್ದಲಿಯಿಂದಲ್ಲ, ಕೂಡುವ ಜಾಗದಿಂದ ಆರಂಭವಾಗಬೇಕು.

ಮೊದಲ ಹಂತ: ಕೂಡುವ ಜಾಗವನ್ನು ಕಂಡುಕೊಳ್ಳುವುದು

ಬೇಸಿಗೆಯ ಹದಿನೈದು ದಿನಗಳನ್ನು ಇದಕ್ಕೆ ಮೀಸಲಿಡಿರಿ. ಮಳೆಗಾಲದಲ್ಲಿ ಹಿತ್ತಲಿನ ಯಾವ ಮೂಲೆಯೂ ಹಿತವಾಗಿಯೇ ಇರುತ್ತದೆ; ಮೇ ತಿಂಗಳಲ್ಲಿ ಹಿತವಾದ ಮೂಲೆಯೇ ನಿಮಗೆ ಬೇಕಾದ ಮೂಲೆ. ಒಂದು ಕುರ್ಚಿಯನ್ನೋ ಹೊರಸನ್ನೋ ಹಿತ್ತಲಿಗೆ ಒಯ್ದು, ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ, ಬೇರೆ ಬೇರೆ ಜಾಗದಲ್ಲಿ ಕುಳಿತು ನೋಡಿರಿ. ಮಧ್ಯಾಹ್ನ ಒಂದು, ಮೂರು, ಐದು ಗಂಟೆಗೆ ಮನೆಯ ನೆರಳೂ ಮರದ ನೆರಳೂ ಎಲ್ಲಿಯವರೆಗೆ ಬಂದಿವೆಯೆಂದು ನೆಲದ ಮೇಲೆ ರಂಗೋಲಿ ಪುಡಿಯಿಂದ ಗೆರೆ ಎಳೆಯಿರಿ. ಗಾಳಿಯ ದಾರಿ ತಿಳಿಯಲು ಒಂದು ಊದಿನಕಡ್ಡಿ ಸಾಕು; ಅದನ್ನು ನೆಲದಿಂದ ಮೊಣಕಾಲೆತ್ತರದಲ್ಲಿ ಹಿಡಿದು ಹೊಗೆ ಯಾವ ಕಡೆಗೆ ಬಾಗುತ್ತದೆಂದು ಗಮನಿಸಿರಿ. ನಮ್ಮ ಮನೆಯಲ್ಲಿ ಗಾಳಿ ನೇರವಾಗಿ ಬರುವುದಿಲ್ಲ. ಮನೆಗೂ ಕಾಂಪೌಂಡಿಗೂ ನಡುವೆ ಇರುವ ನಾಲ್ಕಡಿಯ ಸಂದಿಯಲ್ಲಿ ತೂರಿ, ಹಿತ್ತಲಿನ ಬಡಗಣ ಮೂಲೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಊದಿನಕಡ್ಡಿ ಹಿಡಿಯದಿದ್ದರೆ ನಾನು ಕಟ್ಟೆಯನ್ನು ತೆಂಕಣ ಮೂಲೆಯಲ್ಲಿ ಹಾಕಿಸಿ ಬಿಡುತ್ತಿದ್ದೆ.

ನಮ್ಮ ಕಡೆ ಬೇಸಿಗೆಯ ಸಂಜೆಗಾಳಿಯೂ ಮುಂಗಾರಿನ ಗಾಳಿಯೂ ಬಹುಪಾಲು ಪಡುವಣದಿಂದಲೇ ಬರುವುದರಿಂದ, ಕಟ್ಟೆ ಮೂಡಣಕ್ಕೂ ಕೊಳ ಅದರ ಮುಂದೆ ಪಡುವಣಕ್ಕೂ ಇದ್ದರೆ ಗಾಳಿ ನೀರನ್ನು ದಾಟಿ ನಿಮ್ಮನ್ನು ಮುಟ್ಟುತ್ತದೆ. ಮಣ್ಣಿನ ಗಡಿಗೆಯೊಳಗಿನ ನೀರು ತಣ್ಣಗಾಗುವುದು ಯಾವ ಕಾರಣಕ್ಕೋ ಕೊಳದ ಬದಿ ತಂಪಾಗುವುದೂ ಅದೇ ಕಾರಣಕ್ಕೆ: ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನಿಂದ ಸುಮಾರು 2,400 ಕಿಲೋಜೂಲ್ ಶಾಖವನ್ನು ಎಳೆದುಕೊಳ್ಳುತ್ತದೆ. ಗಾಳಿ ಒಣಗಿದಷ್ಟೂ ಈ ತಂಪು ಹೆಚ್ಚು. ಕರಾವಳಿಯ ಹಿತ್ತಲಿನ ಕೊಳಕ್ಕೆ ಇಲ್ಲದ ಈ ಲಾಭ ರಾಯಚೂರು, ಬಳ್ಳಾರಿ, ಕೊಪ್ಪಳದ ಒಣಹವೆಯಲ್ಲಿ ಸಿಗುತ್ತದೆ. ಇಡೀ ಹಿತ್ತಲು ತಂಪಾಗುತ್ತದೆಂದು ಮಾತ್ರ ಎಣಿಸಬಾರದು. ನೀರಿನ ಅಂಚಿನಿಂದ ಎರಡು ಮೊಳದೊಳಗೆ ಕುಳಿತವರಿಗಷ್ಟೇ ಅದು ತಿಳಿಯುತ್ತದೆ.

ಮನೆಯೋ ದೊಡ್ಡ ಮರವೋ ಕೊಳದ ಪಡುವಣಕ್ಕಿದ್ದರೆ ಇನ್ನೂ ಒಳ್ಳೆಯದು. ಆಗ ಬೆಳಗಿನಿಂದ ಮಧ್ಯಾಹ್ನದವರೆಗೆ ಐದಾರು ಗಂಟೆ ಬಿಸಿಲು ಬಿದ್ದು ಹೂವು ಅರಳುತ್ತದೆ, ಮೂರು ಗಂಟೆಯ ಉರಿಬಿಸಿಲು ತಪ್ಪುತ್ತದೆ, ಸಂಜೆ ಸೂರ್ಯ ನಿಮ್ಮ ಕಣ್ಣಿಗೆ ಕುಕ್ಕುವುದಿಲ್ಲ. ಬೇವು ಅಥವಾ ಹೊಂಗೆಯ ಮರವಾದರೆ ಅದರ ಬುಡದಿಂದ ಕೊಳಕ್ಕೆ ಐದು ಮೀಟರ್ ಅಂತರವಾದರೂ ಇರಲಿ, ಏಕೆಂದರೆ ಯುಗಾದಿಗೆ ಮುಂಚಿನ ವಾರಗಳಲ್ಲಿ ಬೇವು ಉದುರಿಸುವ ಎಲೆ ಕೊಳದ ತಳ ಸೇರಿ ಕೊಳೆತರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ.

ಕಟ್ಟೆಯ ಎತ್ತರದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ: ತಗ್ಗಾಗಿರಬೇಕು. ಒಂದು ಅಡಿಗಿಂತ ಎತ್ತರವಾದರೆ ನೀರನ್ನು ಮೇಲಿನಿಂದ ನೋಡಿದಂತಾಗುತ್ತದೆ; ತಗ್ಗಿನಲ್ಲಿ ಕುಳಿತರೆ ನೀರಿನ ಮೇಲ್ಮೈ ಕಣ್ಣಿಗೆ ಹತ್ತಿರವಾಗಿ, ಆಕಾಶ ಅದರಲ್ಲಿ ಇಡಿಯಾಗಿ ಕಾಣುತ್ತದೆ. ಮೊಣಕಾಲು ನೋವಿನ ಹಿರಿಯರಿದ್ದರೆ ಅವರಿಗಾಗಿ ಹದಿನೆಂಟು ಇಂಚು ಎತ್ತರದ ಮತ್ತೊಂದು ಆಸನವನ್ನು ಬದಿಗೆ ಮಾಡಿಸಿರಿ. ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ನೋಡಲು ಚೆನ್ನಾದರೂ ರಾತ್ರಿ ಎಂಟರವರೆಗೆ ಬಿಸಿಯಾಗಿರುತ್ತದೆ. ಅದನ್ನೇ ಹಾಕಿಸುವುದಾದರೆ ನೀರು ಚಿಮುಕಿಸುವ ರೂಢಿ ಇಟ್ಟುಕೊಳ್ಳಿರಿ, ಇಲ್ಲವೇ ಮೇಲೊಂದು ಕೌದಿ ಹಾಸಿಕೊಳ್ಳಿರಿ.

ನೀರಿನ ಬದಿಗೆ ಕೂಡುವುದನ್ನು ನಮ್ಮ ಸೀಮೆ ಬಹಳ ಹಿಂದೆಯೇ ಬಲ್ಲದು. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ, 1112ರಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ದೇವಾಲಯದ ಬಳಿಯಲ್ಲೇ ಪುಷ್ಕರಣಿ ಇದೆ. ಹಂಪಿಯ ರಾಜಾವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಕಪ್ಪುಕಲ್ಲಿನ ಪುಷ್ಕರಣಿಯಲ್ಲಿ ಯಾವ ಕಲ್ಲು ಯಾವ ಸಾಲಿನದೆಂದು ಕುಶಲಕರ್ಮಿಗಳು ಕೆತ್ತಿದ ಗುರುತುಗಳು ಇಂದಿಗೂ ಕಾಣುತ್ತವೆ. ಇವೆರಡನ್ನೂ ನೋಡಿದ ಮೇಲೆ ನನಗೆ ತಿಳಿದದ್ದು ಮೆಟ್ಟಿಲುಗಳ ಮತ್ತೊಂದು ಉಪಯೋಗ. ನೀರು ತುಂಬಿರಲಿ, ಅರ್ಧಕ್ಕೆ ಇಳಿದಿರಲಿ, ಕೂಡುವವರಿಗೆ ನೀರು ಯಾವಾಗಲೂ ಪಾದದ ಬಳಿಯಲ್ಲೇ ಇರುತ್ತದೆ. ಹಿತ್ತಲಿನ ಕೊಳದಲ್ಲಿಯೂ ಕಟ್ಟೆಯ ಮುಂದೆ ನೀರಿನೊಳಕ್ಕೆ ಇಳಿಯುವ ಎರಡು ಮೆಟ್ಟಿಲು ಮಾಡಿಸಿದರೆ, ಮೇ ತಿಂಗಳಲ್ಲಿ ನೀರು ನಾಲ್ಕು ಬೆರಳು ಇಳಿದಾಗಲೂ ಕಾಲು ಇಳಿಬಿಟ್ಟು ಕೂಡಬಹುದು.

ಎರಡನೆಯ ಹಂತ: ಅಳತೆ ಮತ್ತು ನೀರಿನ ಲೆಕ್ಕ

ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ನಡುವೆ ಮುಕ್ಕಾಲು ಮೀಟರ್ ಆಳ: ಇದು ಒಂದು ಸಾಧಾರಣ ಹಿತ್ತಲಿಗೆ ಹೊಂದುವ ಅಳತೆ. ಅಂಚಿನ ಮೆಟ್ಟಿಲು, ಇಳಿಜಾರುಗಳನ್ನು ಕಳೆದರೆ ಇದರಲ್ಲಿ ಸುಮಾರು 2,500 ಲೀಟರ್ ನೀರು ಹಿಡಿಯುತ್ತದೆ. ಆಳವನ್ನು ಅರವತ್ತು ಸೆಂಟಿಮೀಟರಿಗಿಂತ ಕಡಿಮೆ ಮಾಡಬೇಡಿರಿ. ಆಳವಿಲ್ಲದ ನೀರು ನಮ್ಮ ಬಿಸಿಲಿಗೆ ಬೇಗ ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 35 ಡಿಗ್ರಿಯಲ್ಲಿ ಅದು 7ಕ್ಕೆ ಇಳಿಯುತ್ತದೆ. ಮೀನಿಗೆ ಉಸಿರು ಸಾಲದಾಗುವುದು ಹೀಗೆ.

ನೀರಿಗೆ ಕಷ್ಟವಿರುವ ಊರಿನಲ್ಲಿ ಕೊಳ ಬೇಕೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಲೆಕ್ಕ ಕೊಡಲೇಬೇಕು. ಏಪ್ರಿಲ್, ಮೇ ತಿಂಗಳ ಉರಿಯಲ್ಲಿ, ತೆರೆದ ನೀರು ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ಆರಬಹುದು. ಆರು ಚದರ ಮೀಟರ್ ಮೇಲ್ಮೈಗೆ ಅದು ಅರವತ್ತು ಲೀಟರ್, ಅಂದರೆ ನಾಲ್ಕು ಕೊಡ ನೀರು. ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಎಲೆಗಳು ಮುಚ್ಚಿ, ಮಧ್ಯಾಹ್ನದ ನೆರಳೂ ಬಿದ್ದರೆ ಇದು ಗಮನಾರ್ಹವಾಗಿ ಇಳಿಯುತ್ತದೆ. ಇತ್ತ, ನೂರು ಚದರ ಮೀಟರ್ ಮಾಳಿಗೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ, ಪೋಲಾದದ್ದನ್ನು ಕಳೆದು ಎಂಟುನೂರು ಲೀಟರ್ ಸಿಗುತ್ತದೆ. ಸೆಪ್ಟೆಂಬರಿನ ಒಂದೆರಡು ದೊಡ್ಡ ಮಳೆಗೆ ಕೊಳ ತುಂಬುತ್ತದೆ. ಕೊಳದಿಂದ ತೆಗೆದ ಹಳೆಯ ನೀರು ಕರಿಬೇವಿಗೂ ದುಂಡುಮಲ್ಲಿಗೆಗೂ ಗೊಬ್ಬರದ ನೀರಾಗಿ ಹೋಗುವುದರಿಂದ, ಹಿತ್ತಲಿಗೆ ಹೇಗೂ ಹಾಕುವ ನೀರನ್ನು ಕೊಳದ ಮೂಲಕ ಹಾಕಿದಂತಾಗುತ್ತದೆ. ಟ್ಯಾಂಕರ್ ನೀರನ್ನು ಕೊಂಡು ಕುಡಿಯುವ ಓಣಿಯಲ್ಲಿದ್ದರೆ ಮಾತ್ರ ಇಷ್ಟು ದೊಡ್ಡದಕ್ಕೆ ಕೈ ಹಾಕಬೇಡಿರಿ. ದನ ನೀರು ಕುಡಿಯುತ್ತಿದ್ದ ಹಳೆಯ ಕಲ್ಲಿನ ಬಾನಿಯೊಂದರಲ್ಲಿ ಒಂದು ನೈದಿಲೆ, ಆರು ಮೀನು ಇಟ್ಟುಕೊಂಡರೂ ಅದರ ಪಕ್ಕದಲ್ಲಿ ಕೂಡುವ ಸುಖ ಕಡಿಮೆಯಲ್ಲ.

ಮೂರನೆಯ ಹಂತ: ಮಣ್ಣು ನೋಡಿ ತೋಡುವುದು

ನಮ್ಮ ಮೊದಲ ಕೊಳ ಸಿಮೆಂಟಿನದು. ಎರೆಮಣ್ಣಿನಲ್ಲಿ ನೇರವಾಗಿ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಗಿಲಾವು ಮಾಡಿಸಿದ್ದೆವು. ಮಳೆಗಾಲ, ಚಳಿಗಾಲ ಚೆನ್ನಾಗಿಯೇ ಕಳೆಯಿತು. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕೊಳದಲ್ಲಿ ಒಂದು ಗೇಣು ನೀರೂ ಉಳಿದಿರಲಿಲ್ಲ. ಮೀನುಗಳು ತಳದ ಕೆಸರಿನಲ್ಲಿ ಮಗ್ಗುಲಾಗಿದ್ದವು. ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ, ನನ್ನ ಕಿರುಬೆರಳು ಹೋಗುವಷ್ಟು ಅಗಲದ ಬಿರುಕು ಬಿಟ್ಟಿತ್ತು. ಆ ದಿನ ಬಕೆಟ್ಟಿನಲ್ಲಿ ಎತ್ತಿ ಉಳಿಸಿಕೊಂಡ ಒಂಬತ್ತು ಮೀನುಗಳನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕುವಂಥ ಬಿರುಕುಗಳನ್ನು ನೋಡಿದವರೆಲ್ಲರಿಗೂ ಇದು ಗೊತ್ತು. ಸಿಮೆಂಟಿಗೆ ಆ ಎಳೆದಾಟವನ್ನು ತಡೆಯುವ ಶಕ್ತಿಯಿಲ್ಲ.

ಆದ್ದರಿಂದ ಎರೆಭೂಮಿಯವರು ಬೇಕಾದ ಅಳತೆಗಿಂತ ಸುತ್ತಲೂ ಒಂದು ಅಡಿ ಹೆಚ್ಚಾಗಿ, ಆಳದಲ್ಲಿಯೂ ಒಂದು ಅಡಿ ಹೆಚ್ಚಾಗಿ ತೋಡಿಸಿ, ಆ ಜಾಗಕ್ಕೆ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ತುಂಬಿಸಿ, ನೀರು ಹೊಡೆದು ದಿಮ್ಮಸಿನಿಂದ ಗಟ್ಟಿ ಮಾಡಿಸಬೇಕು. ಗರಸು ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಸುತ್ತಲಿನ ಎರೆಮಣ್ಣು ಆಡಿದರೂ ನಡುವೆ ಅದು ಮೆತ್ತೆಯಂತೆ ನಿಲ್ಲುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದವರಿಗೆ ಈ ಕಷ್ಟವಿಲ್ಲ, ಹಾರೆಗೆ ಕಲ್ಲು ಸಿಕ್ಕಾಗ ತಾಳ್ಮೆ ಬೇಕು, ಅಷ್ಟೆ. ತೋಡುವುದಕ್ಕೆ ದೀಪಾವಳಿಯ ನಂತರದ ದಿನಗಳು ಸರಿಯಾದ ಕಾಲ. ಹಿಂಗಾರಿನ ಹಸಿ ಇನ್ನೂ ಇರುವುದರಿಂದ ಗುದ್ದಲಿ ಇಳಿಯುತ್ತದೆ, ಹಾಕಿದ ಗಿಡಗಳಿಗೆ ಬೇಸಿಗೆ ಬರುವ ಮುನ್ನ ಬೇರೂರಲು ಮೂರು ತಿಂಗಳು ಸಿಗುತ್ತದೆ.

ಗುಂಡಿಯ ಅಂಚಿನಿಂದ 25 ಸೆಂಟಿಮೀಟರ್ ಕೆಳಗೆ ಒಂದು ಅಡಿ ಅಗಲದ ಹಂತ ಬಿಡಿರಿ. ತಗ್ಗು ನೀರಿನ ಗಿಡಗಳ ಕುಂಡಗಳು ಅಲ್ಲಿ ಕೂಡುತ್ತವೆ. ಒಂದು ಬದಿಯಲ್ಲಿ ಒರಟು ಕಲ್ಲು ಜೋಡಿಸಿದ ಇಳಿಜಾರು ಇರಲೇಬೇಕು. ಬಿಸಿಲಿನಲ್ಲಿ ನೀರಡಿಸಿ ಬಂದ ಅಳಿಲು, ಓತಿಕ್ಯಾತ ಜಾರಿ ಬಿದ್ದರೆ ಹತ್ತಿ ಬರಲು ಅದೊಂದೇ ದಾರಿ.

ನಾಲ್ಕನೆಯ ಹಂತ: ಹಾಳೆ ಹಾಸಿ ಅಂಚು ಕಟ್ಟುವುದು

ಕೃಷಿಹೊಂಡಕ್ಕೆ ಹಾಸುವ 500 ಮೈಕ್ರಾನ್ (ಅರ್ಧ ಮಿಲಿಮೀಟರ್) ದಪ್ಪದ, ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಹಾಳೆಯೇ ಹಿತ್ತಲಿನ ಕೊಳಕ್ಕೂ ಸಾಕು. ನೀಲಿ ತಾಡಪತ್ರಿ ಹಾಸಿದರೆ ಬಹಳ ದಿನ ಬಾಳುವುದಿಲ್ಲ. ಹಾಳೆಯ ಉದ್ದಕ್ಕೆ ಕೊಳದ ಉದ್ದ, ಆಳದ ಎರಡರಷ್ಟು ಮತ್ತು ಅಂಚಿಗೆ ಎರಡೂ ಬದಿ ಮೂವತ್ತು ಸೆಂಟಿಮೀಟರ್ ಕೂಡಿಸಿರಿ. ನಮ್ಮ ಅಳತೆಗೆ ಉದ್ದ 5.1 ಮೀಟರ್, ಅಗಲ 4.1 ಮೀಟರ್ ಆಗುತ್ತದೆ. ಸುಕ್ಕು, ಮೆಟ್ಟಿಲುಗಳಿಗೆಂದು ಇನ್ನೊಂದು ಮೊಳ ಹೆಚ್ಚು ತಂದರೆ ನಷ್ಟವಿಲ್ಲ, ಕಡಿಮೆ ತಂದರೆ ಕೆಲಸವೇ ಕೆಡುತ್ತದೆ.

ಹಾಳೆಯ ಕೆಳಗೆ ಎರಡು ಇಂಚು ಜರಡಿ ಹಿಡಿದ ಮರಳು, ಅದರ ಮೇಲೆ ಮೆತ್ತೆ ಬೇಕು. ಮೆತ್ತೆಗೆಂದು ಗೋಣಿತಟ್ಟನ್ನೋ ಹಳೆಯ ಕೌದಿಯನ್ನೋ ಹಾಕುವವರಿದ್ದಾರೆ. ಅವೆರಡೂ ಗೆದ್ದಲನ್ನು ಕರೆಯುತ್ತವೆ. ಬಿಚ್ಚಿ ತೊಳೆದ ಪ್ಲಾಸ್ಟಿಕ್ ನೇಯ್ಗೆಯ ಗೊಬ್ಬರದ ಚೀಲಗಳು ಇದಕ್ಕೆ ಸರಿಯಾದ ವಸ್ತು. ಹೆಗ್ಗಣದ ಬಿಲ ಹತ್ತಿರವಿದ್ದರೆ ಮೊದಲು ಅದನ್ನು ಕಲ್ಲು, ಗರಸಿನಿಂದ ಮುಚ್ಚಿಸಿರಿ. ಹಾಳೆಯನ್ನು ಬೆಳಗಿನ ಬಿಸಿಲಿಗೆ ಒಂದು ತಾಸು ಹರಡಿಟ್ಟರೆ ಮೆತ್ತಗಾಗುತ್ತದೆ. ಬರಿಗಾಲಿನಲ್ಲಿಯೇ ಗುಂಡಿಗೆ ಇಳಿದು, ಮಡಿಕೆಗಳನ್ನು ಕೈಯಿಂದ ಒಂದೇ ಕಡೆಗೆ ಒತ್ತಿ ಹಾಸಿರಿ. ಮೆಟ್ಟಿಲಿನ ಕಲ್ಲುಗಳನ್ನು ಹಾಳೆಯ ಮೇಲೆ ನೇರವಾಗಿ ಇಡದೆ, ಹಾಳೆಯದೇ ಒಂದು ತುಂಡನ್ನು ನಡುವೆ ಇಟ್ಟು ಕೂಡಿಸಿರಿ.

ಅಂಚು ಸಮಮಟ್ಟ ಇರದಿದ್ದರೆ ನೀರು ಒಂದು ಕಡೆ ತುಳುಕುತ್ತಿರುವಾಗ ಮತ್ತೊಂದು ಕಡೆ ಕರಿಯ ಹಾಳೆ ಬರಿದಾಗಿ ಕಾಣುತ್ತದೆ. ಕಣ್ಣಳತೆಯನ್ನು ನಂಬದೆ, ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪಿನಿಂದ ನಾಲ್ಕೂ ಮೂಲೆ ನೋಡಿಸಿರಿ. ಸುತ್ತಲೂ ನೆಲಕ್ಕಿಂತ ನಾಲ್ಕು ಬೆರಳು ಎತ್ತರಿಸಿ, ಚಪ್ಪಡಿಗಳನ್ನು ನೀರಿನ ಕಡೆಗೆ ಎರಡು ಇಂಚು ಚಾಚಿ ಹಾಕಿದರೆ, ರಾಡಿನೀರು ಒಳಗೆ ಬರುವುದಿಲ್ಲ, ಹಾಳೆಯ ಅಂಚು ಬಿಸಿಲಿಗೆ ಸಿಕ್ಕಿ ಪುಡಿಯಾಗುವುದಿಲ್ಲ. ಶಹಾಬಾದಿ ಕಲ್ಲು ಸುಣ್ಣಕಲ್ಲಿನ ಜಾತಿಯದಾದ್ದರಿಂದ, ಮೊದಲೇ ಗಡುಸು ನೀರಿನ ಬೋರ್‌ವೆಲ್ ಇರುವವರು ನೀರಿಗೆ ತಾಗುವ ಭಾಗಕ್ಕೆ ಗ್ರಾನೈಟ್ ಬಳಸುವುದು ಮೇಲು. ಹೆಚ್ಚಾದ ಮಳೆನೀರು ಹರಿದುಹೋಗಲು ಒಂದು ಪೈಪು ಇಟ್ಟು, ಅದರ ಬಾಯಿಯನ್ನು ಬಾಳೆಯ ಪಾತಿಗೆ ತಿರುಗಿಸಿರಿ.

ಐದನೆಯ ಹಂತ: ನೀರು ತುಂಬಿ ಕಾಯುವುದು

ನಲ್ಲಿನೀರಾದರೆ ಅದರಲ್ಲಿನ ಕ್ಲೋರಿನ್ ಹೋಗಲು ಎರಡು ದಿನ ಬಿಸಿಲಿಗೆ ಬಿಡಿರಿ. ಅಂಚಿಗೆ ಸಿಮೆಂಟ್ ಬಳಸಿದ್ದರೆ ತುಂಬಿ, ಮೂರು ದಿನ ಬಿಟ್ಟು, ಚೆಲ್ಲಿ, ಮತ್ತೆ ತುಂಬುವ ಕೆಲಸವನ್ನು ಮೂರು ಬಾರಿ ಮಾಡಿರಿ. ಹೊಸ ಸಿಮೆಂಟಿನ ಸುಣ್ಣದ ಅಂಶ ಮೀನಿಗೂ ಎಳೆಯ ಬೇರಿಗೂ ಕೇಡು. ಎರಡನೆಯ ವಾರದಲ್ಲಿ ನೀರು ಹಸಿರಾಗುತ್ತದೆ. ಆಗ ಗಾಬರಿಯಾಗಿ ನೀರು ಬದಲಿಸುವವರು, ಯಾರದೋ ಮಾತು ಕೇಳಿ ಮೈಲುತುತ್ತ ಹಾಕುವವರು ತಮ್ಮ ಕೊಳವನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ಮೀನಿನ ಹಿಕ್ಕೆಯಿಂದ, ಕೊಳೆತ ಎಲೆಯಿಂದ ಹುಟ್ಟುವ ಅಮೋನಿಯವನ್ನು ಗಿಡಕ್ಕೆ ಬೇಕಾದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಎಲೆಗಳು ಹರಡಿ ನೆರಳು ಮಾಡಿದಂತೆ ನೀರು ತಾನಾಗಿ ತಿಳಿಯಾಗುತ್ತದೆ.

ಆರನೆಯ ಹಂತ: ನೈದಿಲೆ, ತಾವರೆ ಮತ್ತು ಉಳಿದ ಗಿಡಗಳು

ಕೊಳ ಒಡೆಸಿದ ಅದೇ ಎರೆಮಣ್ಣು ಇಲ್ಲಿ ಕೈ ಹಿಡಿಯುತ್ತದೆ. ನೈದಿಲೆ, ತಾವರೆಗಳಿಗೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಅಂಟಾದ, ಭಾರವಾದ ಆ ಮಣ್ಣು ನೀರಿನಲ್ಲಿ ತೇಲಿ ಕದಡುವುದಿಲ್ಲ. ಅಗಲ ಬಾಯಿಯ ಕುಂಡಕ್ಕೆ ಮುಕ್ಕಾಲು ಭಾಗ ಎರೆಮಣ್ಣು ತುಂಬಿ, ನೈದಿಲೆಯ ಗಡ್ಡೆಯನ್ನು ಅದರ ಚಿಗುರುವ ಕುತ್ತಿಗೆ ಮಾತ್ರ ಹೊರಗೆ ಕಾಣುವಂತೆ ಊರಿ, ಮೇಲೆ ಒಂದು ಇಂಚು ಗರಸು ಹರಡಿರಿ. ಕುಂಡವನ್ನು ಒಮ್ಮೆಲೇ ತಳಕ್ಕೆ ಇಳಿಸದೆ, ಇಟ್ಟಿಗೆಯ ಮೇಲಿಟ್ಟು ಒಂದು ಗೇಣಿಗಿಂತ ಕಡಿಮೆ ನೀರು ಮೇಲೆ ಇರುವಂತೆ ನೋಡಿಕೊಂಡು, ಎಲೆಯ ದೇಟು ಉದ್ದವಾದಂತೆ ಒಂದೊಂದೇ ಇಟ್ಟಿಗೆ ತೆಗೆಯಿರಿ. ಹಸಿ ಸಗಣಿಯಾಗಲಿ, ಹಿಂಡಿಯಾಗಲಿ ಬೇಡ. ಅವು ಕೊಳೆತು ನೀರಿನ ಉಸಿರು ಕಟ್ಟಿಸುತ್ತವೆ. ಚೆನ್ನಾಗಿ ಕಳಿತ ಗೊಬ್ಬರ ಎರಡು ಹಿಡಿ, ಕುಂಡದ ತಳಕ್ಕೆ, ಸಾಕು.

ನೀವು ಕಟ್ಟೆಯ ಮೇಲೆ ಕೂಡುವ ಹೊತ್ತಿಗೆ ತಕ್ಕಂತೆ ನೈದಿಲೆಯನ್ನು ಆರಿಸಿಕೊಳ್ಳಿರಿ. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ನೀಲಿ ನೈದಿಲೆ ಹಗಲಿನ ಹೂವು, ಬಿಸಿಲೇರಿದ ಮೇಲೆ ಅರಳಿ ಇಳಿಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಹೊತ್ತು ಮುಳುಗಿದ ಮೇಲೆ ಅರಳಿ ಮರುದಿನ ಬೆಳಿಗ್ಗೆಯವರೆಗೆ ತೆರೆದಿರುವ ಬಿಳಿ ಜಾತಿಯೂ ಇದೆ. ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಮನೆಗೆ ಬರುವವರು ನೀಲಿಯನ್ನು ತಂದರೆ ವರ್ಷವಿಡೀ ಮುಚ್ಚಿದ ಮೊಗ್ಗನ್ನೇ ನೋಡಬೇಕಾಗುತ್ತದೆ. ಅವರಿಗೆ ಬಿಳಿಯೇ ಬೇಕು; ಬೆಳದಿಂಗಳಿನಲ್ಲಿ ಅದೊಂದೇ ಹೂವು ಕಣ್ಣಿಗೆ ಕಾಣುವುದೂ ಹೌದು.

ತಾವರೆಗೆ ಜಾಗ ಹೆಚ್ಚು ಬೇಕು. ಆನೆಗುಂದಿಯ ಬಳಿ ಪಂಪಾ ಸರೋವರದಲ್ಲಿ ತಾವರೆ ಕಂಡು ಮನಸೋತು ಬಂದವರಿಗೆ ನನ್ನ ಸಲಹೆ ಇಷ್ಟೆ: ಚಿಕ್ಕ ಕೊಳದಲ್ಲಿ ಅದನ್ನು ಅಗಲವಾದ ಟಬ್ಬಿನಲ್ಲಿಯೇ ಕಟ್ಟಿಹಾಕಿರಿ, ಇಲ್ಲವಾದರೆ ಎರಡೇ ವರ್ಷದಲ್ಲಿ ನೀರೇ ಕಾಣದಂತೆ ಆವರಿಸುತ್ತದೆ. ಬೀಜದಿಂದ ಬೆಳೆಸುವುದು ಮಕ್ಕಳಿಗೆ ಬಲು ಪ್ರಿಯವಾದ ಕೆಲಸ. ಕರಿಯ ಗಟ್ಟಿ ಬೀಜದ ಒಂದು ತುದಿಯನ್ನು ಒರಟು ಕಲ್ಲಿಗೆ ಉಜ್ಜಿ ಒಳಗಿನ ಬಿಳುಪು ಕಂಡ ಕೂಡಲೇ ನಿಲ್ಲಿಸಿ, ಗಾಜಿನ ಲೋಟದ ನೀರಿನಲ್ಲಿ ಹಾಕಿ, ದಿನವೂ ನೀರು ಬದಲಿಸುತ್ತ ಬಂದರೆ ನಮ್ಮ ಸೆಕೆಗೆ ವಾರದೊಳಗೆ ಹಸಿರು ಮೊಳಕೆ ಸುರುಳಿ ಬಿಚ್ಚುತ್ತದೆ.

ಅಂಚಿನ ಕೆಳಗೆ ಬಿಟ್ಟ ಹಂತದ ಮೇಲೆ ಬಜೆ, ನೀರುಬ್ರಾಹ್ಮಿ, ಒಂದೆಲಗ, ಒಂದು ಕೆಸುವಿನ ಗಿಡ ಇಡಬಹುದು. ಹಳ್ಳದಿಂದ ಜೊಂಡು ಕಿತ್ತು ತರಬೇಡಿರಿ, ಅದರ ಚೂಪಾದ ಬೇರುಗಡ್ಡೆ ಹಾಳೆಯನ್ನು ತೂತು ಮಾಡುತ್ತದೆ. ನೇರಳೆ ಹೂವಿನ ಜಲಕುಂಭಿ ಎಷ್ಟು ಚೆಂದವೆನಿಸಿದರೂ ತರಬೇಡಿರಿ. ಎಸೆದ ಒಂದು ಗಿಡ ಮಳೆಯಲ್ಲಿ ಹರಿದು ಕೆರೆ ಸೇರಿದರೆ ಊರಿಗೇ ತೊಂದರೆ. ಮೇಲ್ಮೈಯ ಮೂರರಲ್ಲಿ ಎರಡು ಪಾಲು ಎಲೆಗಳಿಗೆ ಬಿಟ್ಟು, ಕಟ್ಟೆಯ ಮುಂದಿನ ಭಾಗವನ್ನು ಮಾತ್ರ ಬಯಲಾಗಿ ಇಟ್ಟುಕೊಳ್ಳಿರಿ. ಆಕಾಶ ಕಾಣುವುದು ಅಲ್ಲಿಯೇ.

ಏಳನೆಯ ಹಂತ: ಮೀನು ಬಿಟ್ಟು ಸೊಳ್ಳೆ ತಡೆಯುವುದು

ನಮ್ಮ ಬೇಸಿಗೆಯಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದ್ದರಿಂದ ನೀರು ತುಂಬಿದ ಮೊದಲ ವಾರದಲ್ಲಿಯೇ, ಸಿಮೆಂಟ್ ಬಳಸಿದ್ದರೆ ಕೊನೆಯ ಬಾರಿ ತುಂಬಿದ ಕೂಡಲೇ, ಹತ್ತು ಗಪ್ಪಿ ಮೀನು ಬಿಡಿರಿ. ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಲ್ಲಿ ಬಿಡುವ ಗಪ್ಪಿ, ಗಂಬೂಸಿಯಾ ಎರಡೂ ಹೊರದೇಶದ ಮೀನುಗಳಾದ್ದರಿಂದ ಹಿತ್ತಲಿನ ಕೊಳದಿಂದ ಅವು ಹಳ್ಳಕೊಳ್ಳ ಸೇರದಂತೆ ಹೊರಹರಿವಿನ ಪೈಪಿಗೆ ಸಣ್ಣ ಜಾಳಿಗೆ ಕಟ್ಟಿರಿ. ನಮ್ಮ ಹಳ್ಳಗಳದೇ ಮೀನು ಸಿಕ್ಕರೆ ಇನ್ನೂ ಉತ್ತಮ: ನೀರಿನ ಮೇಲ್ಪದರದಲ್ಲಿಯೇ ತಿರುಗಾಡುವ, ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಮಿನುಗುವ, ಎರಡಂಗುಲ ಉದ್ದದ ಸಣ್ಣ ಮೀನೊಂದಿದೆ, ಅದು ಸೊಳ್ಳೆಯ ಲಾರ್ವಾಗಳನ್ನು (ಮರಿಹುಳುಗಳನ್ನು) ಹೆಕ್ಕಿ ತಿನ್ನುವುದನ್ನು ನೋಡುವುದೇ ಒಂದು ಹೊತ್ತಿನ ಕೆಲಸ. ಎಲೆಯ ಮಡಿಕೆಯಲ್ಲಿ, ಕುಂಡದ ತಟ್ಟೆಯಲ್ಲಿ ನಿಂತ ನೀರಿಗೆ ಮೀನು ತಲುಪುವುದಿಲ್ಲ. ಅದನ್ನು ವಾರಕ್ಕೊಮ್ಮೆ ನೀವೇ ಚೆಲ್ಲಬೇಕು. ಮೀನಿಗೆ ಅನ್ನ, ಮಂಡಕ್ಕಿ ಎರಚಬೇಡಿರಿ. ಹೊಟ್ಟೆ ತುಂಬಿದ ಮೀನು ಲಾರ್ವಾ ಹುಡುಕುವುದಿಲ್ಲ, ಉಳಿದ ಅನ್ನ ನೀರನ್ನು ಹುಳಿಸುತ್ತದೆ.

ಮಕ್ಕಳು, ಕರೆಂಟು, ಹಾವು

ಐದು ವರ್ಷದೊಳಗಿನ ಮಗು ಇರುವ ಅಥವಾ ಬಂದುಹೋಗುವ ಮನೆಯಲ್ಲಿ, ನೀರಿನ ಮೇಲ್ಮೈಗಿಂತ ಮೇಲೆ ಕಬ್ಬಿಣದ ಗಟ್ಟಿ ಜಾಳಿಗೆ ಕೂಡಿಸದೆ ಕೊಳ ಮಾಡಲೇಬೇಡಿರಿ. ಮಗು ಮುಳುಗಲು ಒಂದು ಗೇಣು ನೀರೂ ಬೇಡ, ಕೂಗು ಕೂಡ ಕೇಳುವುದಿಲ್ಲ. ಜಾಳಿಗೆಯ ಕಣ್ಣುಗಳಲ್ಲಿ ನೈದಿಲೆ ಕಾಣುತ್ತಲೇ ಇರುತ್ತದೆ, ಅಂದಕ್ಕೆ ಕೊರತೆಯಾಗುವುದಿಲ್ಲ. ನೀರೆತ್ತುವ ಪಂಪು ಕಡ್ಡಾಯವೇನಲ್ಲ. ಇಡುವುದಾದರೆ ಕರೆಂಟು ಸೋರಿದ ಕೂಡಲೇ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸದೆ ಇಡಬೇಡಿರಿ. ಕಪ್ಪೆಯಿದ್ದಲ್ಲಿ ಹಾವು ಬರುವುದು ಸಹಜ. ಹೆಚ್ಚಾಗಿ ಬರುವುದು ವಿಷವಿಲ್ಲದ ನೀರೊಳ್ಳೆ. ಆದರೂ ನಾಗರಹಾವು ಬರುವುದಿಲ್ಲವೆನ್ನಲಾಗದು, ಆದ್ದರಿಂದ ಕಟ್ಟೆಯ ಸುತ್ತ ಕಸ, ಕಲ್ಲಿನ ಗುಡ್ಡೆ ಇರಗೊಡದೆ, ಕತ್ತಲಾದ ಮೇಲೆ ಬ್ಯಾಟರಿ ಹಿಡಿದೇ ಹೋಗಿರಿ.

ಎಂಟನೆಯ ಹಂತ: ವರ್ಷದ ಆರೈಕೆ

ಇದರಲ್ಲಿ ಬಹಳ ಹೇಳುವುದಿಲ್ಲ. ಬೋರ್‌ವೆಲ್ ನೀರು ಆರುತ್ತ ಹೋದಂತೆ ಅದರಲ್ಲಿನ ಉಪ್ಪಿನಂಶ ಕೊಳದಲ್ಲಿಯೇ ಉಳಿದು ಗಟ್ಟಿಯಾಗುತ್ತದೆ. ಚಪ್ಪಡಿಯ ಅಂಚಿನಲ್ಲಿ ಬಿಳಿಯ ಉಂಗುರ ಕಂಡರೆ ಅದೇ ಗುರುತು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಐದನೆಯ ಒಂದು ಪಾಲು ನೀರನ್ನು ಗಿಡಗಳಿಗೆ ಹಾಕಿ, ಅಷ್ಟನ್ನು ಹೊಸದಾಗಿ ತುಂಬಿರಿ. ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಇದಕ್ಕೆ ಬಳಸಬೇಡಿರಿ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ಹಳದಿಯಾದ ಎಲೆಯನ್ನು ಆಗಾಗ ಬುಡದಿಂದ ಕಿತ್ತು ತೆಗೆಯಿರಿ. ತಳದ ಕೆಸರನ್ನು ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ, ಅರ್ಧದಷ್ಟು ಮಾತ್ರ ತೆಗೆಯಿರಿ.

ಒಂಬತ್ತನೆಯ ಹಂತ: ಕೂಡುವುದು

ಮೊಬೈಲನ್ನು ಒಳಗಿಟ್ಟು ಬನ್ನಿರಿ. ಬಂದ ಕೂಡಲೇ ಕೊಳವನ್ನು ಸರಿಪಡಿಸಲು ತೊಡಗಬೇಡಿರಿ. ಒಣಗಿದ ಎಲೆ ಕಂಡರೂ ಮೊದಲ ಹತ್ತು ನಿಮಿಷ ಕೈ ಕಟ್ಟಿ ಕುಳಿತಿರಿ, ಏಕೆಂದರೆ ನೀವು ನಡೆದು ಬಂದ ಸಪ್ಪಳಕ್ಕೆ ಮೀನುಗಳು ತಳ ಸೇರಿರುತ್ತವೆ, ಹಕ್ಕಿಗಳು ಕಾಂಪೌಂಡಿನ ಮೇಲೆ ಹೋಗಿ ಕುಳಿತಿರುತ್ತವೆ. ಮೊದಲು ಮರಳುವುದು ನೀರಿನ ಮೇಲೆ ಕಾಲೂರಿ ಜಾರುವ ಹುಳ. ಅದರ ಆರು ಕಾಲಿನ ಕೆಳಗೆ ನೀರು ತಗ್ಗಾಗಿ ಬಾಗಿ, ಬಿಸಿಲಿದ್ದರೆ ತಳದಲ್ಲಿ ಆರು ದುಂಡು ನೆರಳು ಮೂಡುತ್ತವೆ. ಆಮೇಲೆ ಮೀನು. ಆಮೇಲೆ ಬೆಳವ, ಗುಬ್ಬಿ, ಪಿಕಳಾರ, ಇಳಿಜಾರಿನ ಕಲ್ಲಿಗೆ ನೀರು ಕುಡಿಯಲು ಒಂದೊಂದಾಗಿ ಬರುತ್ತವೆ. ಒಮ್ಮೊಮ್ಮೆ ಮಿಂಚುಳ್ಳಿ ಬಂದು ಒಂದು ಮೀನನ್ನು ಒಯ್ಯುತ್ತದೆ. ಅದಕ್ಕೆ ಬೇಸರಪಡಬೇಕಿಲ್ಲ, ಗಪ್ಪಿಗಳು ತಿಂಗಳೊಳಗೆ ಆ ಲೆಕ್ಕ ತುಂಬಿಕೊಡುತ್ತವೆ.

ಬೇಸಿಗೆಯಲ್ಲಿ ಬೆಳಗಿನ ಐದೂವರೆಯಿಂದ ಏಳರವರೆಗೆ ಕೂಡುವುದನ್ನು ನಾನು ಬೇರೆ ಯಾವ ಹೊತ್ತಿಗೂ ಬಿಟ್ಟುಕೊಡುವುದಿಲ್ಲ. ಏರೋಪ್ಲೇನ್ ಚಿಟ್ಟೆ ಹುಟ್ಟುವುದನ್ನು ನೋಡಲು ಸಿಗುವುದು ಆಗ. ತಿಂಗಳುಗಟ್ಟಲೆ ನೀರಿನೊಳಗೆ ಸೊಳ್ಳೆಯ ಲಾರ್ವಾ ತಿಂದು ಬೆಳೆದ ಕಂದು ಬಣ್ಣದ ಮರಿ, ಬಜೆಯ ಎಲೆ ಹಿಡಿದು ನೀರಿನಿಂದ ಒಂದು ಗೇಣು ಮೇಲೇರಿ ನಿಲ್ಲುತ್ತದೆ. ಅದರ ಬೆನ್ನು ಸೀಳುತ್ತದೆ. ಒಳಗಿನಿಂದ ಮೆತ್ತನೆಯ, ಬಣ್ಣವಿಲ್ಲದ ಮೈ ಹಿಂದಕ್ಕೆ ಬಾಗಿ ತಲೆಕೆಳಗಾಗಿ ಜೋತು ಬೀಳುತ್ತದೆ, ಕಾಲುಗಳು ಗಟ್ಟಿಯಾಗುವವರೆಗೆ ಹಾಗೆಯೇ ಇದ್ದು, ಒಮ್ಮೆಲೇ ಮೇಲೆದ್ದು ತನ್ನದೇ ಪೊರೆಯನ್ನು ಹಿಡಿದುಕೊಂಡು ಬಾಲವನ್ನು ಎಳೆದುಕೊಳ್ಳುತ್ತದೆ. ಸುಕ್ಕಾಗಿದ್ದ ರೆಕ್ಕೆಗಳು ಕಣ್ಣೆದುರೇ ತುಂಬಿಕೊಂಡು ಚಾಚುತ್ತವೆ. ಇದಕ್ಕೆಲ್ಲ ಒಂದೆರಡು ತಾಸು ಹಿಡಿಯುತ್ತದೆ. ನಮ್ಮ ಅವ್ವ ಒಮ್ಮೆ ಮೊರದಲ್ಲಿ ಜೋಳ ಹಸನು ಮಾಡುವುದನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹಾರುವವರೆಗೆ ನೋಡುತ್ತ ಕುಳಿತಿದ್ದಳು. ಆ ಹೊತ್ತಿನಲ್ಲಿ ಮುಟ್ಟಬೇಡಿರಿ, ಬಾಗಿದ ರೆಕ್ಕೆ ಮತ್ತೆ ನೆಟ್ಟಗಾಗುವುದಿಲ್ಲ.

ಡಿಸೆಂಬರಿನಲ್ಲಿ ಬೆಳಗಿನ ಕೊಳ ಬಹಳ ಸುಮ್ಮನಿರುತ್ತದೆ, ಬೆರಳು ಅದ್ದಿದರೆ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಆಗ ಬಿಸಿಲು ಬಂದ ಮೇಲೆ, ಎಂಟರಿಂದ ಒಂಬತ್ತರವರೆಗೆ, ಚಹಾ ಹಿಡಿದುಕೊಂಡು ಕುಳಿತರೆ ನೀಲಿ ನೈದಿಲೆ ಬಿಚ್ಚಿಕೊಳ್ಳುವುದನ್ನೂ, ಜೇನುಗಳು ಹಸಿ ಎಲೆಯ ಅಂಚಿನಲ್ಲಿ ಸಾಲಾಗಿ ನೀರು ಹೀರುವುದನ್ನೂ ನೋಡಬಹುದು. ರಾತ್ರಿ ಕೂಡುವವರು ಕೊಳಕ್ಕೆ ಬಣ್ಣದ ದೀಪ ಹಾಕಿಸಬೇಡಿರಿ, ಹುಳಗಳು ಮುತ್ತಿ ಕೂಡಲಾಗುವುದಿಲ್ಲ. ಬೆನ್ನ ಹಿಂದೆ, ನೆಲಮಟ್ಟದಲ್ಲಿ, ಹಳದಿ ಬೆಳಕಿನ ಒಂದು ಚಿಕ್ಕ ಬಲ್ಬು ಸಾಕು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅದನ್ನೂ ಆರಿಸಬಹುದು.

ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ರಾತ್ರಿ ಮಾತ್ರ ಹೊತ್ತು ನೋಡದೆ ಹೋಗಿ ಕೂಡಿರಿ. ನೀವು ತಂದು ಬಿಡದ ಕಪ್ಪೆಗಳು ಎಲ್ಲಿಂದಲೋ ಬಂದು ಕೊಳ ಸೇರಿರುತ್ತವೆ. ನಿಮ್ಮ ಹೆಜ್ಜೆ ಕೇಳಿದ ಕೂಡಲೇ ಎಲ್ಲವೂ ಒಟ್ಟಿಗೆ ಸುಮ್ಮನಾಗುತ್ತವೆ. ಅಲುಗದೆ ಕುಳಿತಿರಿ. ಐದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ದೂರದ ಅಂಚಿನಿಂದ ಒಂದು ಕಪ್ಪೆ ತಡೆದು ತಡೆದು ಕೂಗುತ್ತದೆ, ಬಜೆಯ ಬುಡದಿಂದ ಮತ್ತೊಂದು ಉತ್ತರ ಕೊಡುತ್ತದೆ, ಆಮೇಲೆ ನಿಮ್ಮ ಪಾದದ ಬಳಿಯ ಮೆಟ್ಟಿಲಿನ ಕೆಳಗಿನಿಂದಲೇ ಮೂರನೆಯದು ದನಿಗೂಡಿಸುತ್ತದೆ.